ಟೇಪ್ ಹಚ್ಚಬೇಡಿ ಮಾರಾಯ್ರೇ

ತೀರ್ಥಹಳ್ಳಿ ಕಡೆಯ ಹಳೆ ಮನೆಯಲ್ಲಿ ‘ಸಾಕ್ಷಿ’, ‘ಸಂಕ್ರಮಣ’ ಸಾಹಿತ್ಯ ಪತ್ರಿಕೆಗಳ ಹಳೆ ಸಂಚಿಕೆಗಳ ಕಟ್ಟು ಸಿಕ್ಕಿತು ಅಂತ ನೀವು ಹಾಕಿದ ಫೋಟೋ ನೋಡಿ ಖುಷಿಯಾಯಿತು. ಎರಡನೇ ಫೋಟೋಗೆ ಎದೆ ಧಸಕ್ಕಂತು. ಸಂಚಿಕೆಗಳ ಬೆನ್ನಿಗೆ ಸೆಲ್ಲೋಟೇಪ್, ಸಾಲದ್ದಕ್ಕೆ ಅಡಿಕೆ ಪಕ್ಕದಲ್ಲೇ ಅಂಗಳದ ಬಿಸಿಲಿಗೆ! ಮೊದಲು ಒಳಗೆ ತನ್ನಿ, ಆಮೇಲೆ ಉಳಿದದ್ದು ಓದಿ.

ಹಾಗೆ ಟೇಪ್ ಹಚ್ಚಿದ ಸಂಚಿಕೆಗಳು ನನ್ನ ಕಪಾಟಿನಲ್ಲೂ ಇವೆ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರುತ್ತದೆ. ಅಂಟು ಕಾಗದಕ್ಕೆ ಇಳಿದು ಕಂದು ಕಲೆಯಾಗುತ್ತದೆ. ಈಗ ಎಳೆದು ಕೀಳಲೂ ಬೇಡಿ, ಅಕ್ಷರವೂ ಜೊತೆಗೆ ಬರುತ್ತದೆ. ಫೆವಿಕಾಲ್ ಮರಕ್ಕೆ ಒಳ್ಳೆಯದು, ಕಾಗದಕ್ಕಲ್ಲ. ಹರಿದಲ್ಲಿ ಜಪಾನಿ ಟಿಶ್ಯೂ ಅನ್ನುವ ತೆಳುವಾದರೂ ಗಟ್ಟಿಯಾದ ಕಾಗದ, ಗೋಧಿ ಪಿಷ್ಟದ ಅಂಟು ಸಾಕು. ಅದೂ ತೀರಾ ತೆಳ್ಳಗೆ, ಇಲ್ಲದಿದ್ದರೆ ಜಿರಲೆ ಬರುತ್ತದೆ.

ಅಗ್ಗದ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿರುತ್ತದೆ. ಬಿಸಿಲು ತಾಗಿದರೆ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ತೇವ ಆರಲು ನೆರಳು, ಫ್ಯಾನ್ ಗಾಳಿ ಸಾಕು. ಬೂಷ್ಟನ್ನು ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

ಇನ್ನು ಹುಳು. ಹಳೆ ಕಟ್ಟನ್ನು ನೇರ ಕಪಾಟಿಗೆ ಸೇರಿಸಲೇಬೇಡಿ, ಒಳ್ಳೆಯ ಸಂಚಿಕೆಗಳಿಗೂ ಹತ್ತುತ್ತದೆ. ನನಗೆ ನಂಬಿಕೆ ಇರುವುದು ಫ್ರೀಜರ್ ಮೇಲೆ. ಚೆನ್ನಾಗಿ ಒಣಗಿದ ಸಂಚಿಕೆಗಳನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಮೊಟ್ಟೆ ಸಮೇತ ಸಾಯುತ್ತವೆ. ಒಂದೇ ಬಾಗಿಲಿನ ಹಳೆ ಫ್ರಿಜ್‌ನ ಐಸ್ ಡಬ್ಬಿ ಅಷ್ಟು ತಣ್ಣಗಾಗುವುದಿಲ್ಲ, ನಂಬಬೇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಲೇಬಾರದು. ಅವಸರ ಮಾಡಿದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ, ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಬೂಷ್ಟು ಮಾತ್ರ ಇದರಿಂದ ಸಾಯುವುದಿಲ್ಲ.

ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಹುಳು ಬರಲ್ಲ ಅನ್ನುವವರ ಮಾತು ಕೇಳಬೇಡಿ. ಮಸಿ, ಶಾಖ ಎರಡೂ ಕಾಗದ ತಿನ್ನುತ್ತವೆ. ಟ್ರಂಕ್‌ನಲ್ಲಿ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಕಬ್ಬಿಣದ ಕಪಾಟು, ಗೋಡೆಯಿಂದ ಸ್ವಲ್ಪ ದೂರ, ಒಳಗೊಂದು ತೇವಾಂಶ ಮೀಟರ್. 65 ಪರ್ಸೆಂಟ್ ದಾಟಿದರೆ ಬೂಷ್ಟು ಶುರು. ತೇವ ಹೀರುವ ಸಿಲಿಕಾ ಜೆಲ್ ಕಾಳು ಇಟ್ಟು ಮರೆಯುವವರು ಜಾಸ್ತಿ. ನೀಲಿ ಕಾಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿಯೇ ಮತ್ತೆ ಇಡಬೇಕು. ಜುಲೈನಲ್ಲಿ ಬೇಗ ಬೇಗ ನೋಡುತ್ತಿರಿ. ಘಾಟು ವಾಸನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ದುಡ್ಡು ಕೊಟ್ಟು ತರಬೇಡಿ, ಅದರಿಂದ ಆಮ್ಲ ಹೊರಬರುತ್ತದೆ. ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್‌ನದು ಆಗಬಹುದು, ಮೈಲಾರ್ ಅನ್ನುವ ಪಾಲಿಯೆಸ್ಟರ್ ಹಾಳೆಯದು ಸಿಕ್ಕಿದರೆ ಇನ್ನೂ ಒಳ್ಳೆಯದು.

ತುಕ್ಕು ಹಿಡಿದ ಪಿನ್‌ಗಳನ್ನು ನಿಧಾನಕ್ಕೆ ಬಿಡಿಸಿ, ಅದೇ ತೂತಿನಲ್ಲಿ ಹತ್ತಿ ದಾರ ಹಾಕಿ ಹೊಲಿಯಿರಿ. ಎಲ್ಲ ಸೇರಿಸಿ ಬೈಂಡ್ ಮಾಡಿಸುತ್ತೇನೆ ಅಂದಿದ್ದೀರಿ, ದಯವಿಟ್ಟು ಬೇಡ. ಚಂದ ಕಾಣಲಿ ಅಂತ ಅಂಚು ಕತ್ತರಿಸುತ್ತಾರೆ, ಮುಖಪುಟ, ಜಾಹೀರಾತಿನ ಹಾಳೆ ಕಿತ್ತೆಸೆಯುತ್ತಾರೆ. ‘ಸಾಕ್ಷಿ’ಯ ಸಂಪಾದಕ, ಕವಿ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ 1960ರ ದಶಕದ ‘ಸಾಕ್ಷಿ’ ನಿಮ್ಮ ಕಟ್ಟಿನಲ್ಲಿದ್ದರೆ ಅದರ ಒಂದು ಹಾಳೆಯೂ ಹೋಗಬಾರದು. ಬಿಚ್ಚುವ ಮೊದಲು ಮುಖಪುಟಗಳ ಫೋಟೋ ಹಾಕಿ, ಯಾವುದಕ್ಕೆ ಏನು ಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.