ಟೆಸ್ಟ್ ಫೈಲ್‌ಗೆ ಏನು ಹೆಸರಿಡಲಿ?

ಪ್ರಶ್ನೆ: ಎಲ್‌ಎಲ್‌ವಿಎಂ ಕಂಪೈಲರ್‌ನ ಬ್ಯಾಕೆಂಡ್‌ನಲ್ಲಿ (ಪ್ರೊಸೆಸರ್‌ಗೆ ಬೇಕಾದ ಕೋಡ್ ತಯಾರಿಸುವ ಭಾಗ) ಒಂದು ಬಗ್ ಸರಿಮಾಡಿದ್ದೇನೆ. ಅದರ ಟೆಸ್ಟ್ ಫೈಲ್ ಎಲ್ಲಿಡಬೇಕು? ಹೆಸರಾಗಿ ಬಗ್ ನಂಬರ್ ಸಾಕಲ್ವಾ?

ಉತ್ತರ: ಜಾಗದ ಮಾತು ಸುಲಭ. ಟೆಸ್ಟ್ ಫೋಲ್ಡರ್‌ನ ಕೋಡ್‌ಜೆನ್ ಒಳಗೆ ಎಕ್ಸ್86, ರಿಸ್ಕ್‌ವಿ ಹೀಗೆ ಒಂದೊಂದು ಟಾರ್ಗೆಟ್‌ಗೂ (ಅಂದರೆ ಪ್ರೊಸೆಸರ್ ಬಗೆಗೂ) ಒಂದೊಂದು ಫೋಲ್ಡರ್ ಇದೆ. ಬಗ್ ಯಾವುದರದ್ದೋ ಅಲ್ಲೇ ಇಡಿ. ಆ ಟಾರ್ಗೆಟ್ ಬಿಲ್ಡ್ ಮಾಡದವರಿಗೆ ಅಲ್ಲಿನ ಟೆಸ್ಟ್‌ಗಳು ಓಡುವುದೇ ಇಲ್ಲ.

ಆದರೆ ನಂಬರ್ ಒಂದೇ ಸಾಲದು. ಒಮ್ಮೆ ನನ್ನ ಬದಲಾವಣೆಯಿಂದ ಒಂದು ಟೆಸ್ಟ್ ಫೇಲಾಯಿತು. ಹೆಸರು ಬರೀ ನಂಬರ್. ಒಳಗೆ ಒಂದು ಸಾಲು ಕಾಮೆಂಟೂ ಇಲ್ಲ. ಅದು ಏನನ್ನು ಕಾಯುತ್ತಿದೆ ಅಂತ ತಿಳಿಯಲು ಅರ್ಧ ದಿನ ಹೋಯಿತು. ಎಕ್ಸ್86ನಲ್ಲಿ 64 ಬಿಟ್ ಶಿಫ್ಟ್ (ಬಿಟ್‌ಗಳನ್ನು ಎಡಕ್ಕೋ ಬಲಕ್ಕೋ ಸರಿಸುವ ಸೂಚನೆ), ಎಷ್ಟು ಸರಿಸಬೇಕೆಂಬ ಎಣಿಕೆಯ ಕೆಳಗಿನ 6 ಬಿಟ್ ಮಾತ್ರ ನೋಡುತ್ತದೆ. ಹಾಗಾಗಿ ಎಣಿಕೆಯನ್ನು 63ರ ಜೊತೆ ಆಂಡ್ ಮಾಡಿ ಆ 6 ಬಿಟ್ ಮಾತ್ರ ಉಳಿಸುವ ಸೂಚನೆ ಬೇಕಿಲ್ಲ. ಅದು ಹೋಗಿದೆಯಾ ಅಂತಷ್ಟೇ ಆ ಟೆಸ್ಟ್ ನೋಡುತ್ತಿತ್ತು! 'ಶಿಫ್ಟ್-ಮಾಸ್ಕ್' ಅಂತ ಹೆಸರಿದ್ದರೆ ಐದು ನಿಮಿಷದ ಕೆಲಸ.

ಆದ್ದರಿಂದ ಹೆಸರಲ್ಲಿ ನಡವಳಿಕೆ ಇರಲಿ, ಬಗ್ ನಂಬರ್ ಕಾಮೆಂಟ್‌ನಲ್ಲಿರಲಿ. ಫೈಲ್ ಒಳಗಿನ ಫಂಕ್ಷನ್‌ಗಳಿಗೂ ಸುಮ್ನೆ 'ಎಫ್1', 'ಎಫ್2' ಬೇಡ.

ಇನ್ನೊಂದು, ಹೊಸ ಫೈಲ್ ಮಾಡುವ ಮೊದಲು ಹಳೆಯದನ್ನು ಹುಡುಕಿ. ಶಿಫ್ಟ್ ಬಗ್ಗೆ ಫೈಲ್ ಇದ್ದರೆ ಅದರಲ್ಲೇ ಒಂದು ಫಂಕ್ಷನ್ ಸೇರಿಸಿ. ರನ್ ಸಾಲು (ಟೆಸ್ಟ್ ಓಡಿಸುವ ಕಮಾಂಡ್ ಇರುವ ಸಾಲು) ಬೇರೆ ಬೇಕಾದಾಗ ಮಾತ್ರ ಹೊಸದು ಮಾಡಿ.