ಬೇಸಿಗೆಯಲ್ಲೇ ಮಾರಾಟವಾಗುವ ಹಿಮ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗಳು ಸಿಯಾಟಲ್‌ನಲ್ಲಿ ಉದ್ಯೋಗದಲ್ಲಿದ್ದಾಳೆ. ಪ್ರತಿ ವರ್ಷ ಮೇ ತಿಂಗಳಲ್ಲಿಯೇ ಸಾವಿರ ಡಾಲರಿನಷ್ಟು ಕೊಟ್ಟು ಮುಂದಿನ ಚಳಿಗಾಲಕ್ಕೆ ಸ್ಕೀ (ಹಿಮದ ಇಳಿಜಾರಿನಲ್ಲಿ ಜಾರುವ ಆಟ) ಪಾಸ್ ಕೊಳ್ಳುತ್ತಾಳೆ. ಆ ಒಂದೇ ಪಾಸ್ ನಲವತ್ತಕ್ಕೂ ಹೆಚ್ಚು ರಿಸಾರ್ಟುಗಳಲ್ಲಿ ನಡೆಯುತ್ತದೆಂದೂ, ದೊಡ್ಡ ರಿಸಾರ್ಟುಗಳಲ್ಲಿ ಒಂದು ದಿನದ ಟಿಕೆಟ್ಟೇ ಮುನ್ನೂರು ಡಾಲರ್ ಇರುವಾಗ ಇದು ಬಹಳ ಅಗ್ಗವೆಂದೂ ಹೇಳುತ್ತಾಳೆ. ಅದೇ ಬಾಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಸಾಲು ಕರಗುವುದೇ ಇಲ್ಲ ಎಂದು ದೂರುತ್ತಾಳೆ. ಇಷ್ಟು ಅಗ್ಗಕ್ಕೆ ಕೊಟ್ಟರೆ ಕಂಪನಿಗೆ ಗಿಟ್ಟುವುದಾದರೂ ಹೇಗೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ಉತ್ತರ: ತಮ್ಮ ಮಗಳ ಎರಡೂ ಮಾತು ನಿಜ, ಎರಡಕ್ಕೂ ಮೂಲ ಒಂದೇ. ಲಿಫ್ಟುಗಳ ನಿರ್ವಹಣೆ, ಕೃತಕ ಹಿಮದ ಯಂತ್ರಗಳು, ಸಿಬ್ಬಂದಿಯ ಸಂಬಳ ಇವೆಲ್ಲ ಹಿಮ ಬಿದ್ದರೂ ಬೀಳದಿದ್ದರೂ ತಪ್ಪದ ಖರ್ಚುಗಳಾಗಿರುವುದರಿಂದ, ದಿನದ ಟಿಕೆಟನ್ನೇ ನೆಚ್ಚಿಕೊಂಡ ರಿಸಾರ್ಟಿನ ಸ್ಥಿತಿ ಮುಂಗಾರನ್ನು ನಂಬಿ ಸಾಲ ಮಾಡಿದ ರೈತನ ಸ್ಥಿತಿಯಂತೆಯೇ ಇರುತ್ತದೆ. ಒಬ್ಬರು ಒಂದು ದಿನ ಬಂದು ಹೋಗುವುದನ್ನು ಒಂದು ಭೇಟಿಯೆಂದು ಎಣಿಸಿದರೆ, 2010–11ರ ಹಂಗಾಮಿನಲ್ಲಿ ಅಮೆರಿಕದ ಸ್ಕೀ ರಿಸಾರ್ಟುಗಳಿಗೆ ಸುಮಾರು 6 ಕೋಟಿ ಭೇಟಿಗಳಾಗಿದ್ದವು. ಮರುವರ್ಷ ಹಿಮ ಕೈಕೊಟ್ಟಾಗ ಆ ಸಂಖ್ಯೆ 5.1 ಕೋಟಿಗೆ ಇಳಿಯಿತು.

ಈ ಜೂಜನ್ನು ಕಂಪನಿಯ ಹೆಗಲಿನಿಂದ ಇಳಿಸಿ ಗ್ರಾಹಕನ ಹೆಗಲಿಗೆ ಏರಿಸುವ ಉಪಾಯವೇ ಸೀಸನ್ ಪಾಸ್. ಅಗ್ಗದ ಪಾಸುಗಳ ಪೈಪೋಟಿ ಕೊಲೊರಾಡೊದಲ್ಲಿ 1998ರಷ್ಟು ಹಿಂದೆಯೇ ಆರಂಭವಾಗಿತ್ತು. ಆದರೆ ಹಲವು ರಿಸಾರ್ಟುಗಳನ್ನು ಒಂದೇ ಪಾಸಿನಡಿ ತಂದು ಇಡೀ ಉದ್ಯಮದ ಲೆಕ್ಕಾಚಾರವನ್ನು ಬದಲಿಸಿದ್ದು 2008ರಲ್ಲಿ ವೇಲ್ ರಿಸಾರ್ಟ್ಸ್ ಕಂಪನಿ 579 ಡಾಲರಿಗೆ ಹೊರತಂದ ಎಪಿಕ್ ಪಾಸ್. ಹಿಮದ ಮುನ್ಸೂಚನೆಯೂ ಇಲ್ಲದ ಬೇಸಿಗೆಯಲ್ಲಿ ಹಣ ಕಂಪನಿಯ ಖಾತೆಗೆ ಬಂದು ಕುಳಿತಿರುತ್ತದೆ. ಮುಂಗಡ ಠೇವಣಿಯ ಬೆಲೆ ಏನೆಂಬುದನ್ನು ಬ್ಯಾಂಕಿನಲ್ಲಿದ್ದ ತಮಗೆ ನಾವು ವಿವರಿಸಬೇಕಿಲ್ಲ. ಆ ಹಣದ ಭರವಸೆಯ ಮೇಲೆ ವೇಲ್ ಕಂಪನಿ 2014ರಲ್ಲಿ ಯೂಟಾದ ಪಾರ್ಕ್ ಸಿಟಿ ರಿಸಾರ್ಟನ್ನೂ, 2016ರಲ್ಲಿ ಕೆನಡಾದ ವಿಸ್ಲರ್ ಬ್ಲಾಕ್‌ಕೋಂಬನ್ನೂ, 2018ರಲ್ಲಿ ಸಿಯಾಟಲ್ ಸಮೀಪದ ಸ್ಟೀವನ್ಸ್ ಪಾಸ್ ಎಂಬ ರಿಸಾರ್ಟನ್ನೂ ಕೊಂಡಿತು. ಪ್ರತಿಸ್ಪರ್ಧಿಯಾದ ಆಲ್ಟೆರಾ ಕಂಪನಿ 2018ರಲ್ಲಿ ಇದೇ ಬಗೆಯ ಐಕಾನ್ ಪಾಸ್ ತಂದಿತು. ಪಾಸ್ ಕೊಂಡವರು ಬೆಟ್ಟಕ್ಕೆ ಬಂದ ಮೇಲೆ ಊಟ, ವಸತಿ, ಸ್ಕೀ ತರಬೇತಿ, ಬಾಡಿಗೆ ಸಾಮಗ್ರಿಗಳಿಗೆ ಖರ್ಚು ಮಾಡುವುದು ಬೇರೆ.

ಮುನ್ನೂರು ಡಾಲರಿನ ದಿನದ ಟಿಕೆಟ್ ಬಗ್ಗೆ ನಮ್ಮ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಅದನ್ನು ಮಾರಲೆಂದು ಇಟ್ಟಿದ್ದಾರೆ ಎನ್ನುವುದಕ್ಕಿಂತ, ಪಾಸ್ ಕೊಳ್ಳದವರನ್ನು ಬೆದರಿಸಲೆಂದು ಇಟ್ಟಿದ್ದಾರೆ ಎನ್ನುವುದೇ ಸರಿ. 2025–26ರ ಹಂಗಾಮಿಗೆ ಎಪಿಕ್ ಪಾಸಿನ ಆರಂಭಿಕ ಬೆಲೆ 1,051 ಡಾಲರ್ ಇತ್ತು; ಕಂಪನಿಯದೇ ಹೆಸರಿನ ವೇಲ್ ರಿಸಾರ್ಟಿನಂತಹ ಕಡೆ ನಾಲ್ಕು ದಿನ ಆಡಿದರೆ ಅಸಲು ಹುಟ್ಟುತ್ತದೆ. ಮೂರು ದಿನದೊಳಗೇ ಮುಗಿಸುವವನು, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಬರುವವನು, ಕಲಿಯಬೇಕೆಂದು ಮೊದಲ ಸಲ ಬಂದವನು ಇವರೆಲ್ಲ ಆ ಬೆಲೆಯನ್ನು ನೋಡಿ ಹಿಂದಿರುಗಿದರೆ, ನಾಳೆ ಪಾಸ್ ಕೊಳ್ಳುವ ಹೊಸಬರು ಎಲ್ಲಿಂದ ಬರುತ್ತಾರೆಂಬ ಪ್ರಶ್ನೆಗೆ ಉದ್ಯಮ ಇನ್ನೂ ಸಮಾಧಾನಕರ ಉತ್ತರ ಕೊಟ್ಟಿಲ್ಲ.

ಇನ್ನು ಸಾಲಿನ ವಿಚಾರ. ಪಾಸ್ ಕೈಯಲ್ಲಿದ್ದವನಿಗೆ ಇನ್ನೊಂದು ದಿನ ಹೋಗಲು ಹೆಚ್ಚಿನ ಖರ್ಚಿಲ್ಲ. ಹೊಸ ಹಿಮ ಬಿದ್ದ ಶನಿವಾರ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. 2020ರ ಜನವರಿಯಲ್ಲಿ, ಐಕಾನ್ ಪಾಸ್ ನಡೆಯುವ ವಾಷಿಂಗ್ಟನ್ ರಾಜ್ಯದ ಕ್ರಿಸ್ಟಲ್ ಮೌಂಟನ್, ಜನದಟ್ಟಣೆ ತಾಳಲಾರದೆ ವಾರಾಂತ್ಯಗಳಲ್ಲಿ ಕೌಂಟರಿನ ಟಿಕೆಟ್ ಮಾರಾಟವನ್ನೇ ನಿಲ್ಲಿಸಿತು. ಅದಕ್ಕೂ ಮೊದಲು, 2019ರಲ್ಲಿ, ಕೊಲೊರಾಡೊದ ಅರಾಪಾಹೋ ಬೇಸಿನ್ ಇದೇ ಕಾರಣಕ್ಕೆ ಎಪಿಕ್ ಪಾಸಿನ ಸಹವಾಸ ಬಿಟ್ಟಿತ್ತು. 2021ರಲ್ಲಿ ವೇಲ್ ಕಂಪನಿ ಪಾಸಿನ ಬೆಲೆಯನ್ನು 979ರಿಂದ 783 ಡಾಲರಿಗೆ ಇಳಿಸಿದಾಗ ಮುಂದಿನ ಹಂಗಾಮಿಗೆ 21 ಲಕ್ಷದಷ್ಟು ಪಾಸುಗಳು ಖರ್ಚಾದವು. ಆದರೆ ಆ ಚಳಿಗಾಲ ಸ್ಟೀವನ್ಸ್ ಪಾಸಿನಲ್ಲಿ ಕೆಲಸಗಾರರು ಸಾಲದೆ ಹಲವು ಲಿಫ್ಟುಗಳು ತೆರೆಯಲೇ ಇಲ್ಲ. ಹಣ ಮೊದಲೇ ಕೊಟ್ಟಿದ್ದ ಜನ ಸಿಟ್ಟಿಗೆದ್ದು, ಒಂದು ದೂರು ಮನವಿಗೆ ನಲವತ್ತು ಸಾವಿರಕ್ಕೂ ಮಿಕ್ಕಿ ಸಹಿಗಳು ಬಿದ್ದವು. ಅದಾದ ಮೇಲೆಯೇ ಕಂಪನಿ ಗಂಟೆಗೆ ಕನಿಷ್ಠ 20 ಡಾಲರ್ ಕೂಲಿ ಘೋಷಿಸಿದ್ದು. ಆದರೂ 2024ರ ಡಿಸೆಂಬರ್ ಕೊನೆಯ ರಜೆಯ ದಿನಗಳಲ್ಲೇ ಪಾರ್ಕ್ ಸಿಟಿಯಲ್ಲಿ ಇಳಿಜಾರುಗಳ ಸುರಕ್ಷತೆ ನೋಡಿಕೊಳ್ಳುವ ಗಸ್ತು ಸಿಬ್ಬಂದಿ ಕೂಲಿಗಾಗಿ ಮುಷ್ಕರ ಹೂಡಿದರು. ಬಹುಪಾಲು ಇಳಿಜಾರುಗಳು ಮುಚ್ಚಿದ್ದರಿಂದ ದೂರದೂರದಿಂದ ಬಂದವರು ತಾಸುಗಟ್ಟಲೆ ಸಾಲಿನಲ್ಲಿ ನಿಂತರು. ಪಾಸ್ ಕೊಂಡ ಗ್ರಾಹಕನ ದೊಡ್ಡ ಅಸಹಾಯಕತೆ ಇದು: ಸೇವೆ ಕೆಟ್ಟಾಗ ಬೇರೆಡೆ ಹೋಗೋಣವೆಂದರೆ ಹಣ ಆಗಲೇ ಕಟ್ಟಿಯಾಗಿರುತ್ತದೆ.

ಪಾಸ್ ಕೊಳ್ಳುವುದನ್ನು ನಿಲ್ಲಿಸೆಂದು ಮಗಳಿಗೆ ಹೇಳುವ ಅಗತ್ಯವಿಲ್ಲ. ವರ್ಷಕ್ಕೆ ಏಳೆಂಟು ದಿನ ಹೋಗುವವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ವಾರದ ನಡುವೆ ಒಂದೆರಡು ರಜೆ ಹಾಕಲು ಸಾಧ್ಯವಾದರೆ ಅವಳ ದೂರು ಅರ್ಧದಷ್ಟು ಇಳಿದೀತು.

ಪ್ರಶ್ನೆ: ಡಿಸೆಂಬರಿನಲ್ಲಿ ಡೆನ್ವರ್‌ನಲ್ಲಿರುವ ಅಣ್ಣನ ಮನೆಗೆ ಹೋಗುತ್ತಿದ್ದೇವೆ. ಮಕ್ಕಳಿಗೆ ಒಂದು ದಿನ ಸ್ಕೀಯಿಂಗ್ ತೋರಿಸಬೇಕು. ಪಾಸ್ ಬೇಕೇ?
– ಗೃಹಿಣಿ, ಬೆಂಗಳೂರು

ಉತ್ತರ: ಒಂದು ದಿನಕ್ಕೆ ಹಂಗಾಮಿನ ಪಾಸ್ ಬೇಡ. ದೊಡ್ಡ ರಿಸಾರ್ಟಿಗೇ ಹೋಗಬೇಕೆಂದಿದ್ದರೆ, ಒಂದರಿಂದ ಏಳು ದಿನಗಳವರೆಗೆ ದೊರೆಯುವ ಎಪಿಕ್ ಡೇ ಪಾಸನ್ನು ಇಲ್ಲಿಂದಲೇ ಕೊಳ್ಳಿ. ಕೌಂಟರಿನ ಬೆಲೆಗಿಂತ ಬಹಳ ಕಡಿಮೆಯಾಗುತ್ತದೆ. ಡಿಸೆಂಬರಿನ ಮೊದಲ ದಿನಗಳಲ್ಲಿಯೇ ಅದರ ಮಾರಾಟ ನಿಲ್ಲುವುದರಿಂದ ನವೆಂಬರಿನಲ್ಲಿ ಮುಗಿಸಿಬಿಡುವುದು ಒಳ್ಳೆಯದು. ನಮ್ಮನ್ನು ಕೇಳಿದರೆ, ಡೆನ್ವರ್‌ನಿಂದ ಪಶ್ಚಿಮಕ್ಕೆ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿಯಲ್ಲಿರುವ ಲವ್‌ಲ್ಯಾಂಡ್ ಮೇಲು. ಅದು ವೇಲ್, ಆಲ್ಟೆರಾ ಎರಡೂ ಕಂಪನಿಗಳ ಒಡೆತನಕ್ಕೆ ಸೇರಿಲ್ಲ, ಹೊಸದಾಗಿ ಕಲಿಯುವವರಿಗೆಂದೇ ಅಲ್ಲಿ ಪ್ರತ್ಯೇಕ ಇಳಿಜಾರಿದೆ. ಎತ್ತರ ಮೂರು ಸಾವಿರ ಮೀಟರಿಗೂ ಹೆಚ್ಚಾದ್ದರಿಂದ ಡೆನ್ವರ್‌ಗೆ ಇಳಿದ ಮರುದಿನವೇ ಮಕ್ಕಳನ್ನು ಕರೆದೊಯ್ಯಬೇಡಿ. ಎರಡು ಮೂರು ದಿನ ವಿಶ್ರಾಂತಿ ಕೊಟ್ಟು ಹೊರಡಿ, ನೀರು ಹೆಚ್ಚು ಕುಡಿಸಿ.