ಗೋಕರ್ಣದ ಕಡಲತಡಿಗೆ ರೆಸಾರ್ಟುಗಳು ಬಂದ ಮೇಲೆ ನಿಜವಾಗಿ ಬದಲಾದದ್ದೇನು?

ನಿಮ್ಮ ತಂದೆಯವರು 1996ರಲ್ಲಿ ಗುಡ್ಡ ಹತ್ತಿ ಓಂ ಬೀಚಿಗೆ ನಡೆದು ಹೋಗಿದ್ದರು, ಆಗ ಅಲ್ಲಿ ತೆಂಗಿನ ಗರಿಯ ಎರಡು ಗುಡಿಸಲು ಬಿಟ್ಟರೆ ಏನೂ ಇರಲಿಲ್ಲ ಎಂದು ಬರೆದಿದ್ದೀರಿ. ಈಗ ಅವರನ್ನು ಮತ್ತೊಮ್ಮೆ ಕರೆದುಕೊಂಡು ಹೋಗಬೇಕೆಂದಿರುವ ನೀವು, ರೆಸಾರ್ಟುಗಳು ಆ ತೀರವನ್ನು ಹಾಳುಮಾಡಿವೆ ಎನ್ನುವುದು ನಿಜವೇ, ಊರವರಿಗೆ ಅದರಿಂದ ಲಾಭವೇ ಆಗಿಲ್ಲವೇ ಎಂದು ಕೇಳಿದ್ದೀರಿ. ನಾನು ಗೋಕರ್ಣದ ಪಕ್ಕದ ಹಳ್ಳಿಯವನು. ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಸೀಮೆಯ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮರಳು, ಬಂಡೆ, ಅಲೆ ಎಲ್ಲವೂ ಬಹುಮಟ್ಟಿಗೆ ಇದ್ದಲ್ಲೇ ಇವೆ, ನಿಮ್ಮ ತಂದೆಯವರು ಗುರುತು ಹಿಡಿಯುತ್ತಾರೆ. ಬದಲಾದದ್ದು ಫೋಟೋದಲ್ಲಿ ಕಾಣದ ಎರಡು ಸಂಗತಿಗಳು, ಕಡಲಿಗೆ ಇಳಿಯುವ ಕಾಲುದಾರಿ ಮತ್ತು ಬಾವಿಯ ನೀರು.

ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಈ ಎರಡು ನದಿಗಳ ನಡುವೆ ಗೋಕರ್ಣವಿದೆ. ದೇವಸ್ಥಾನದಿಂದ ಉತ್ತರಕ್ಕೆ ರುದ್ರಪಾದ, ದುಬ್ಬನಶಶಿ, ಗಂಗಾವಳಿಯವರೆಗೆ ಸಮತಟ್ಟಾದ ಮರಳುನೆಲ. ಅಲ್ಲಿ ತೆಂಗು, ತರಕಾರಿ ಮಡಿಗಳು, ಮೀನುಗಾರರ ಕೇರಿಗಳು. ದಕ್ಷಿಣಕ್ಕೆ ಮಾತ್ರ ಚಿರೆಕಲ್ಲಿನ ಗುಡ್ಡಗಳು ನೇರವಾಗಿ ಕಡಲಿಗೆ ಚಾಚಿಕೊಂಡಿದ್ದು, ಅವುಗಳ ಸಂದುಗಳಲ್ಲಿ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಎಂದು ಈಗ ಕರೆಯಲಾಗುವ ಪುಟ್ಟ ಪುಟ್ಟ ತೀರಗಳಿವೆ. ಕೊನೆಯ ಎರಡಕ್ಕೆ ಇಂದಿಗೂ ನಡೆದೋ ದೋಣಿಯಲ್ಲೋ ಹೋಗಬೇಕು. ಓಂ ಬೀಚಿಗೆ ಡಾಂಬರು ರಸ್ತೆ ಬಂದಿದೆ. ಇಷ್ಟು ಹತ್ತಿರ ಇದ್ದೂ ಹಾಫ್‌ಮೂನ್ ಒಂದು ಥರ, ಓಂ ಇನ್ನೊಂದು ಥರ ಆಗಿರುವುದಕ್ಕೆ ಆ ರಸ್ತೆಯಲ್ಲದೆ ಬೇರೆ ಕಾರಣ ನನಗೆ ತೋರುವುದಿಲ್ಲ.

ಮೊದಲು ಬಂದವರು ವಿದೇಶೀಯರು. ಗೋವಾದಲ್ಲಿ ಗದ್ದಲ ಹೆಚ್ಚಾದಂತೆ ಅವರಲ್ಲಿ ಕೆಲವರು ದಕ್ಷಿಣಕ್ಕೆ ಸರಿದು, ಇಲ್ಲಿನ ಮನೆಗಳ ಜಗಲಿಯಲ್ಲೋ ಹಿತ್ತಿಲ ಕೋಣೆಯಲ್ಲೋ ತಿಂಗಳುಗಟ್ಟಲೆ ಉಳಿಯುತ್ತಿದ್ದರು. ದೀಪಾವಳಿ ಮುಗಿದ ಮೇಲೆ ತೀರದಲ್ಲಿ ಬಿದಿರು, ಗರಿಗಳ ಗುಡಿಸಲು ಎದ್ದು, ಮೇ ಕೊನೆಯಲ್ಲಿ ಮಳೆಗೆ ಮುಂಚೆ ಬಿಚ್ಚಿ ಅಟ್ಟಕ್ಕೇರುತ್ತಿದ್ದವು. ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಕಡಲೇ ಅವನ್ನು ಉಳಿಯಗೊಡುತ್ತಿರಲಿಲ್ಲ. ಮಳೆಗಾಲವೇ ನಮ್ಮ ದೊಡ್ಡ ಅಧಿಕಾರಿಯಾಗಿತ್ತು ಎನ್ನಿ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದುಕೊಂಡು ಗೋಕರ್ಣ ರೋಡ್ ಎಂಬ ನಿಲ್ದಾಣ ಬಂದಿತು, ಆಮೇಲೆ ಹೆದ್ದಾರಿ ಅಗಲವಾಯಿತು, ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಸ್ಲೀಪರ್ ಬಸ್ಸುಗಳು ಬಂದವು. ಗುಡಿಸಲಿನ ಜಾಗದಲ್ಲಿ ಮಳೆಗಾಲದಲ್ಲೂ ನಿಲ್ಲುವ ಕಟ್ಟಡಗಳು ಎದ್ದವು. ತೀರಕ್ಕೆ ಸಿಗುತ್ತಿದ್ದ ನಾಲ್ಕು ತಿಂಗಳ ಬಿಡುವು ಅಲ್ಲಿಗೆ ಮುಗಿಯಿತು.

ಕಾಲುದಾರಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ಮನೆಯದೂ ಪಾಲಿದೆ. ನಮ್ಮ ಚಿಕ್ಕಪ್ಪನವರ ಪಾಲಿಗೆ ಬಂದಿದ್ದ ಹದಿನೆಂಟು ಗುಂಟೆ ಮರಳುಜಾಗದಲ್ಲಿ ಹನ್ನೆರಡು ತೆಂಗಿನ ಮರಗಳಿದ್ದವು; ಅದರ ಒಂದು ಅಂಚಿನಲ್ಲಿ, ಎರಡು ಬೇಲಿಗಳ ನಡುವೆ, ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬರು ನಡೆಯುವಷ್ಟು ಅಗಲದ ದಾರಿ ಕಡಲಿಗೆ ಇಳಿಯುತ್ತಿತ್ತು. ಮೀನು ತರುವ ಹೆಂಗಸರು ಅದರಲ್ಲೇ ಬರುತ್ತಿದ್ದರು, ನಮ್ಮ ಮನೆಯ ಅಪರಕ್ರಿಯೆಯ ಪಿಂಡಗಳೂ ಅದೇ ದಾರಿಯಲ್ಲಿ ಕಡಲಿಗೆ ಹೋಗಿವೆ. ಚಿಕ್ಕಪ್ಪ ಮಗಳ ಮದುವೆಗೆಂದು ಆ ಜಾಗ ಮಾರಿದರು. ನಾನೂ ಸಾಕ್ಷಿಗೆ ಸಹಿ ಹಾಕಿದ್ದೇನೆ. ಕೊಂಡವರು ಬಿನ್‌ಶೇತ್ಕಿ ಮಾಡಿಸಿ, ಅಂದರೆ ಬೇಸಾಯದ ಜಮೀನನ್ನು ಬೇಸಾಯೇತರವೆಂದು ಬದಲಿಸಿಕೊಂಡು, ಕಲ್ಲಿನ ಕಂಪೌಂಡು ಎತ್ತಿ, ಕಬ್ಬಿಣದ ಗೇಟು ಕೂರಿಸಿದರು. ದಾರಿ ಎಲ್ಲಿ ಹೋಯಿತೆಂದು ಕೇಳಲು ನಾನು ಒಂದು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ನಕಾಶೆಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ತೋರಿಸಿ, "ಇಲ್ಲಿ ದಾರಿಯೇ ಇಲ್ಲವಲ್ಲ ಮಾಸ್ತರರೇ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ತಲೆಮಾರುಗಳಿಂದ ಊರು ನಡೆದ ದಾರಿಯನ್ನು ಯಾರೂ ನಕಾಶೆಗೆ ಏರಿಸಿರಲಿಲ್ಲ, ಏರಿಸಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಕಾನೂನು ಇಲ್ಲವೆಂದಲ್ಲ. 1991ರ ಫೆಬ್ರವರಿಯಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಎಲ್ಲರೂ ಸಿಆರ್‌ಝಡ್ ಎನ್ನುವುದು, ನಮ್ಮಂಥ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರುಗಳವರೆಗೆ ಹೊಸ ಕಟ್ಟಡ ಬೇಡವೆಂದಿತು; 200ರಿಂದ 500 ಮೀಟರುಗಳ ನಡುವೆ ಬೀಚ್ ರೆಸಾರ್ಟು ಕಟ್ಟುವುದಾದರೆ ಎತ್ತರ 9 ಮೀಟರು ಮೀರಬಾರದು, ಮರಳ ದಿಬ್ಬಗಳನ್ನು ಸಮತಟ್ಟು ಮಾಡಬಾರದು, ಎರಡು ರೆಸಾರ್ಟುಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರು ಅಗಲದ ಜಾಗ ಬಿಡಬೇಕು ಎಂಬ ಷರತ್ತುಗಳನ್ನು ವಿಧಿಸಿತು. 2011ರಲ್ಲಿ ಹೊಸ ಅಧಿಸೂಚನೆ ಬಂದಿತು, 2019ರಲ್ಲಿ ಇನ್ನೊಂದು; ಜನಸಾಂದ್ರತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ಆ 200 ಮೀಟರನ್ನು 50ಕ್ಕೆ ಇಳಿಸುವ ಅವಕಾಶವನ್ನು ಈ ಕೊನೆಯದು ಕೊಟ್ಟಿತು. ಸ್ಥಳೀಯರು ತಮ್ಮ ಹಳೆಯ ಮನೆಯ ತಳವಿಸ್ತೀರ್ಣವನ್ನಾಗಲಿ, ವಿನ್ಯಾಸವನ್ನಾಗಲಿ, ಮುಂಭಾಗವನ್ನಾಗಲಿ ಬದಲಿಸದೆ ಹೋಮ್‌ಸ್ಟೇ ನಡೆಸಬಹುದೆಂಬ ಮಾತೂ ಅದರಲ್ಲಿದೆ. ಒಳ್ಳೆಯ ಉದ್ದೇಶದ ಮಾತೇ. ಆದರೆ ಇಪ್ಪತ್ತು ಮೀಟರಿನ ಷರತ್ತು ಕಾಣುವುದು ತನ್ನನ್ನು ರೆಸಾರ್ಟೆಂದು ಕಾಗದದಲ್ಲಿ ಒಪ್ಪಿಕೊಂಡವನಿಗೆ ಮಾತ್ರ. ಹತ್ತು ಗುಂಟೆಯಲ್ಲಿ ಎಂಟು ಕೋಣೆ ಕಟ್ಟಿ ಹೋಮ್‌ಸ್ಟೇ ಎಂದು ಕಾಗದದಲ್ಲಿ ಬರೆಸಿಕೊಂಡವನ ಪಕ್ಕದಲ್ಲಿ ಇನ್ನೊಬ್ಬ, ಅವನ ಪಕ್ಕದಲ್ಲಿ ಮತ್ತೊಬ್ಬ ಬಂದರೆ, ದಾರಿ ಬಿಡಬೇಕಾದವರು ಯಾರೂ ಇರುವುದಿಲ್ಲ. ನಾಮಫಲಕದಲ್ಲಿ ಮಾತ್ರ ಎಲ್ಲವೂ ರೆಸಾರ್ಟೇ.

ನೀರಿನ ಸಂಗತಿ ಇದಕ್ಕಿಂತ ಸೂಕ್ಷ್ಮ. ಗೋಕರ್ಣದ ಮರಳುನೆಲದಲ್ಲಿ ಹಾಲಕ್ಕಿ ಒಕ್ಕಲಿಗರು ಬೆಳೆಯುವ ಹರಿವೆ, ಬದನೆ, ಗೆಣಸುಗಳಿಗೆ ನಮ್ಮ ಸೀಮೆಯಲ್ಲಿ ಹೆಸರಿದೆ. ಮರಳಿನಲ್ಲಿ ಇಳಿಜಾರಾಗಿ ಒಂದು ಹೊಂಡ ತೋಡಿದರೆ ಆಳೆತ್ತರದಲ್ಲಿ ಸಿಹಿನೀರು; ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಇಳಿದು, ಮುಳುಗಿಸಿ, ಏರಿ ಬಂದು, ನಡೆಯುತ್ತಲೇ ಮಡಿಗೆ ಸುರಿಯುತ್ತ ಹೋಗುವುದು ಅವರ ನೀರಾವರಿ. ಕಡಲಿಗೆ ಇಷ್ಟು ಹತ್ತಿರ ಸಿಹಿನೀರು ಹೇಗೆ ನಿಲ್ಲುತ್ತದೆಂದು ಶಾಲೆಯಲ್ಲಿ ಮಕ್ಕಳು ಕೇಳುತ್ತಿದ್ದರು. ಮಳೆಯ ನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಮರಳಿನೊಳಗೆ ಅದು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಪಂಪು ಹಚ್ಚಿ ಮೇಲಿನ ಒಂದು ಅಡಿಯನ್ನು ಎಳೆದರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಮೇಲೇರಬಲ್ಲದು. ಕೊಡ ಮುಳುಗಿಸುವ ಕೈ ದಣಿದು ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. 1991ರ ಅಧಿಸೂಚನೆ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು; 200 ಮೀಟರಿನೊಳಗೆ ಅಂತರ್ಜಲ ಎತ್ತುವಂತಿಲ್ಲ, 500 ಮೀಟರಿನವರೆಗೆ ಕುಡಿಯಲು, ತೋಟಕ್ಕೆ, ಬೇಸಾಯಕ್ಕೆ, ಮೀನುಗಾರಿಕೆಗೆ ಮಾತ್ರ ಸಾದಾ ಬಾವಿಯಿಂದ ಕೈಯಾರೆ ಸೇದಿಕೊಳ್ಳಬಹುದು ಎಂದು ಅವರು ಬರೆದಿದ್ದರು. ಹಾಸಿಗೆಯ ಬಟ್ಟೆ ದಿನವೂ ಒಗೆಯಬೇಕಾದ, ಹುಲ್ಲುಹಾಸಿಗೆ ಎರಡು ಹೊತ್ತು ನೀರುಣಿಸಬೇಕಾದ, ಕಡಲ ಎದುರಿನಲ್ಲೇ ಈಜುಕೊಳ ತುಂಬಬೇಕಾದ ಉದ್ಯಮಕ್ಕೆ ಕೈಯಾರೆ ಸೇದಿದ ನೀರು ಸಾಲುತ್ತದೆಯೇ? (ಅರಬ್ಬೀ ಸಮುದ್ರ ಎದುರಿಗಿದ್ದೂ ಈಜುಕೊಳ ಏಕೆ ಬೇಕೆಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ.)

ನಮ್ಮ ಮನೆಗೆ ವಾರಕ್ಕೆರಡು ಸಲ ತರಕಾರಿ ತರುವ ಗೌಡತಿಯೊಬ್ಬರು ಎರಡು ವರ್ಷದ ಹಿಂದೆ ಮಾರ್ಚಿಯಲ್ಲಿ ಹರಿವೆಯ ಕಟ್ಟನ್ನು ಜಗಲಿಯ ಮೇಲಿಟ್ಟು, ಅದರೊಳಗಿಂದ ಒಂದು ಎಲೆ ಕಿತ್ತು ನನಗೆ ತೋರಿಸಿದರು. ಎಲೆಯ ಅಂಚು ಸುತ್ತಲೂ ಕಂದಾಗಿ, ಬೆಂಕಿಗೆ ಹಿಡಿದಂತೆ ಮುರುಟಿತ್ತು. "ಈ ನೀರು ಹಾಕಿದ್ರೆ ಹೀಂಗೇ ಆತದ್ಯೊ ಮಾಸ್ತರ್ರೇ, ನಾಲಗೆಗೆ ಗೊತ್ತಾಗೂದಿಲ್ಲ, ಹರಿವೆಗೆ ಮೊದ್ಲು ಗೊತ್ತಾಗ್ತದೆ" ಎಂದರು. ಅವರ ಮಡಿಯ ಆಚೆ ಬೇಲಿಯ ಹಿಂದೆ ಹನ್ನೊಂದು ಕೋಣೆಗಳ ಒಂದು ತಂಗುದಾಣವಿದೆ. ಉಪ್ಪು ಬೆಳೆಯುವುದು ನಮ್ಮ ಸೀಮೆಗೆ ಹೊಸದಲ್ಲ, ಸಾಣಿಕಟ್ಟೆಯ ಉಪ್ಪಿನ ಆಗರಗಳು ಇಲ್ಲೇ ಇವೆ. ಆದರೆ ಅದು ಆಗರದಲ್ಲಿ ಬೆಳೆಯಬೇಕು. ಆ ತಂಗುದಾಣದ ಬಾವಿಯೂ ಉಪ್ಪಾಗಿದೆಯೆಂದು ಕೇಳಿದ್ದೇನೆ. ಅವರಿಗೆ ಟ್ಯಾಂಕರ್ ಬರುತ್ತದೆ, ಹರಿವೆಯ ಮಡಿಗೆ ಬರುವುದಿಲ್ಲ.

ಊರವರು ಏಕೆ ಸುಮ್ಮನಿದ್ದರು ಎಂದು ನೀವು ಕೇಳಬಹುದು. ಸುಮ್ಮನಿರುವ ಊರು ನಮ್ಮದಲ್ಲ. ಅಘನಾಶಿನಿ ಕಡಲು ಸೇರುವಲ್ಲಿರುವ ತದಡಿಯಲ್ಲಿ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ತರುತ್ತೇವೆಂದು ಸರ್ಕಾರ ಹೊರಟಾಗ ಮೀನುಗಾರರು, ಚಿಪ್ಪೆಕಲ್ಲು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗವೆಂಬ ಭತ್ತ ಬೆಳೆಯುವ ಬೇಸಾಯಗಾರರು ಒಟ್ಟಾಗಿ ಎದ್ದುನಿಂತರು, ಯೋಜನೆ ಕೈಬಿಡಲಾಯಿತು. ಅದೇ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಷ್ಟು ದೊಡ್ಡದನ್ನು ಎದುರಿಸಿದವರಿಗೆ ಹತ್ತು ಕೋಣೆಯ ತಂಗುದಾಣವನ್ನು ಎದುರಿಸಲಾಗಲಿಲ್ಲ, ಏಕೆಂದರೆ ಸ್ಥಾವರಕ್ಕೆ ಒಂದು ಹೆಸರಿತ್ತು, ಒಂದು ಕಡತವಿತ್ತು, ಅಹವಾಲು ಕೊಡಲು ಒಂದು ವಿಳಾಸವಿತ್ತು. ರೆಸಾರ್ಟು ಬಂದದ್ದು ಗುಂಟೆ ಗುಂಟೆಯಾಗಿ, ಒಬ್ಬೊಬ್ಬರ ಮನೆಯ ಮದುವೆ, ಆಸ್ಪತ್ರೆ, ಪಾಲುಪಟ್ಟಿಗಳ ಬಾಗಿಲಿನಿಂದ. ಯಾರ ವಿರುದ್ಧ ಕೂಗುವುದು? ನನ್ನ ಸಹಿಯೂ ಒಂದು ಕಾಗದದಲ್ಲಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ, ಬೇಸಾಯಗಾರನಲ್ಲದವನೂ ನೇರವಾಗಿ ಬೇಸಾಯದ ಜಮೀನು ಕೊಳ್ಳಬಹುದಾಗಿದೆ. ಮೊದಲು ಬೇನಾಮಿಯಾಗಿ ನಡೆಯುತ್ತಿದ್ದದ್ದು ಈಗ ರಾಜಾರೋಷವಾಗಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಲಾಭದ ಮಾತಿಗೆ ಬಂದರೆ, ಆಗಿಲ್ಲವೆಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ನನ್ನ ಕೈಯಲ್ಲಿ ಕಲಿತ ಹುಡುಗರಲ್ಲಿ ಅನೇಕರು ಇಂದು ಆಟೋ ಓಡಿಸುತ್ತಾರೆ, ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ, ರೆಸಾರ್ಟುಗಳ ಅಡುಗೆಮನೆಯಲ್ಲಿದ್ದಾರೆ; ಅವರ ಅಣ್ಣಂದಿರಂತೆ ಮುಂಬಯಿಗೋ ಗೋವಾಕ್ಕೋ ಹೋಗಬೇಕಾಗಿ ಬಂದಿಲ್ಲ. ಗಂಡ ತೀರಿಹೋದ ಮೇಲೆ ಎರಡು ಕೋಣೆ ಬಾಡಿಗೆಗೆ ಕೊಟ್ಟು ಮಕ್ಕಳನ್ನು ಓದಿಸಿದ ಹೆಂಗಸರು ನಮ್ಮ ಕೇರಿಯಲ್ಲೇ ಇದ್ದಾರೆ. ಆದರೆ ನನ್ನ ಕಣ್ಣಿಗೆ ಬಿದ್ದಂತೆ, ಎರಡು ಕೋಣೆಯವರಿಗೆ ಸಿಕ್ಕ ಕಾಲ ಕಡಿಮೆ. ಇಪ್ಪತ್ತು ಕೋಣೆಯವನು ಪಕ್ಕದಲ್ಲಿ ಬಂದು, ಮೊಬೈಲಿನಲ್ಲಿ ದರ ಇಳಿಸಿ ಕುಳಿತಾಗ, ಅವರು ಮನೆಯನ್ನು ವರ್ಷದ ಲೀಸಿಗೆ ಹೊರಗಿನವರಿಗೆ ಕೊಟ್ಟು, ಅದೇ ಮನೆಯಲ್ಲಿ ಸಂಬಳಕ್ಕೆ ಪಾತ್ರೆ ತೊಳೆಯುತ್ತಾರೆ.

ಬಲೆಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಅನೇಕರು ಕೂಡಿ ದಡಕ್ಕೆ ಎಳೆಯುವ ದೊಡ್ಡ ಬಲೆಯಾದ ರಂಪಣಿಗೆ ಉದ್ದಕ್ಕೂ ತೆರವಾದ ಮರಳು ಬೇಕು. ರಂಪಣಿಯನ್ನು ಕೆಡಿಸಿದ್ದು ರೆಸಾರ್ಟಲ್ಲ, ಮೀನಿನ ಗುಂಪನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ, 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು. ಆದರೂ ದೋಣಿ ಎಳೆದಿಡಲು, ಬಲೆ ಹರಡಲು, ಮೀನು ಒಣಗಿಸಲು ಉಳಿದಿದ್ದ ಜಾಗದಲ್ಲಿ ಈಗ ಒರಗುಕುರ್ಚಿಗಳಿವೆ, ಒಣಮೀನಿನ ವಾಸನೆಯ ಬಗ್ಗೆ ದೂರು ಕೊಡುವ ಅತಿಥಿಗಳೂ ಇದ್ದಾರೆ. ನಮ್ಮ ಜಿಲ್ಲೆಯ ತೀರದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳ ಮರಿಗಳು ರಾತ್ರಿ ಬೆಳಕು ಹೆಚ್ಚಿರುವ ಕಡೆಗೇ ತೆವಳುತ್ತವೆ. ಕತ್ತಲೆಯ ತೀರದಲ್ಲಿ ಆ ಬೆಳಕು ಕಡಲಿನದಾಗಿರುತ್ತಿತ್ತು.

ಆದ್ದರಿಂದ ತಂದೆಯವರನ್ನು ಕರೆತನ್ನಿ, ಬೇಡವೆನ್ನುವುದಿಲ್ಲ. ನವೆಂಬರಿನಿಂದ ಫೆಬ್ರವರಿಯೊಳಗೆ, ಶನಿವಾರ, ಭಾನುವಾರ ಬಿಟ್ಟು ಬನ್ನಿ. ಶಿವರಾತ್ರಿಯ ವಾರವನ್ನೂ ಬಿಡಿ, ಆಗ ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೋಣೆ ಗೊತ್ತುಮಾಡುವ ಮೊದಲು ಫೋನಿನಲ್ಲಿ ಎರಡು ಮಾತು ಕೇಳಿ: ನಿಮ್ಮ ನೀರು ಎಲ್ಲಿಂದ ಬರುತ್ತದೆ, ನಿಮ್ಮ ಕಂಪೌಂಡಿನ ಪಕ್ಕದಿಂದ ಊರವರು ಕಡಲಿಗೆ ಇಳಿಯಬಹುದೇ. ಹಿಂಜರಿಯದೆ ಉತ್ತರಿಸುವವರಲ್ಲಿ ಉಳಿದುಕೊಳ್ಳಿ. ಮನೆಯವರೇ ವಾಸವಿರುವ ಮನೆ ಸಿಕ್ಕರೆ ಇನ್ನೂ ಒಳ್ಳೆಯದು. ಓಂ ಬೀಚಿಗೆ ಮಾತ್ರ ಆಟೋ ಹತ್ತಬೇಡಿ. ಕುಡ್ಲೆಯ ದಕ್ಷಿಣದ ತುದಿಯಿಂದ ಗುಡ್ಡ ಏರುವ ಹಳೆಯ ಕಾಲುದಾರಿ ಇನ್ನೂ ಇದೆ, ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ಚಿರೆಕಲ್ಲು ಬಿಸಿಲಿಗೆ ಬೇಗ ಕಾಯುತ್ತದೆ, ಹಾಗಾಗಿ ಬೆಳಿಗ್ಗೆ ಎಂಟರೊಳಗೆ ಹೊರಡಿ, ತಂದೆಯವರಿಗೆ ಊರಿಕೊಳ್ಳಲು ಒಂದು ಕೋಲಿರಲಿ.